ಸತ್ತವರ ಹೆಬ್ಬೆಟ್ಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಸೊಸೈಟಿ ಸದಸ್ಯನಾಗಿ ಸಾಯುವುದಕ್ಕೆ ಒಂದು ಮರ್ಯಾದೆಯಿದೆ. ವಾರ್ಷಿಕ ಮಹಾಸಭೆಯಲ್ಲಿ ಎರಡು ನಿಮಿಷ ಮೌನ, ಆಮೇಲೆ ಹೋದ ವರ್ಷದ ನಡಾವಳಿ, ಆಮೇಲೆ ಊಟ. ಗೋಡೆ ಮೇಲೆ ‘ತಾನು ಎಲ್ಲರಿಗಾಗಿ, ಎಲ್ಲರೂ ತನಗಾಗಿ’ ಎಂದು ನೀಲಿ ಅಕ್ಷರ. ತಾನು ಹೋದಮೇಲೆ ಮನೆಯವಳಿಗೆ ಯಾರು ಎಂದು ಬರೆಯಲು ಪೇಂಟರಿಗೆ ಜಾಗ ಸಾಲಲಿಲ್ಲ.

ಕಾನೂನು ಮಾತ್ರ ಯಾರನ್ನೂ ಕೈಬಿಟ್ಟಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ಮೃತ ಸದಸ್ಯನ ಷೇರು ನಾಮಿನಿಗೆ, ನಾಮಿನಿ ಇಲ್ಲದಿದ್ದರೆ ವಾರಸುದಾರರಿಗೆ ಸೇರಬೇಕು. ಸತ್ತವನ ಆಸ್ತಿಯ ಮೇಲೆ ಸಂಘದ ಬಾಕಿಯ ಹೊಣೆಯೂ ಉಳಿಯುತ್ತದೆ. ಎರಡನೆಯದು ಹನ್ನೊಂದನೇ ದಿನದ ತಿಥಿ ಮುಗಿಯುವುದರೊಳಗೆ ನೋಟಿಸಾಗಿ ತಾನೇ ನಡೆದುಕೊಂಡು ಬರುತ್ತದೆ. ಮೊದಲನೆಯದಕ್ಕೆ ಅರ್ಜಿ ಹಾಕಬೇಕು.

“ಅಕ್ಕಾ, ನಿಮ್ ಯಜಮಾನ್ರು ಬಂಗಾರದಂಥ ಮನುಷ್ಯ. ಮರಣ ಪತ್ರ, ವಂಶವೃಕ್ಷ, ಆಧಾರು, ಎರಡು ಫೋಟೋ ತಂದ್ಬಿಡಿ” ಎನ್ನುತ್ತಾರೆ ಕಾರ್ಯದರ್ಶಿ. ಎಲ್ಲ ತಂದಮೇಲೆ ಹಳೇ ಲೆಡ್ಜರ್ ತೆಗೆಯುತ್ತಾರೆ. ಮದುವೆಗೆ ಮುಂಚೆ ಸದಸ್ಯನಾದ ಗಂಡಸು, ನಾಮಿನಿ ಕಾಲಮ್ಮಿನಲ್ಲಿ ಅವರವ್ವನ ಹೆಸರು. ಅವ್ವ ತೀರಿಕೊಂಡು ಎಷ್ಟೋ ವರ್ಷ. ಈಗ ಅವ್ವನ ಮರಣ ಪತ್ರವೂ ಬೇಕು. ಗಂಡ ಅಟ್ಟಕ್ಕೆ ಹಾಕಿಹೋದ ಕಾಯಿ ಅಲ್ಲಿಯವರೆಗೆ ಉಂಡೆ ಕೊಬ್ಬರಿಯಾಗಿರುತ್ತದೆ. ಷೇರು ದುಡ್ಡು ಇನ್ನೂ ಎಳನೀರು.

ಕೊಬ್ಬರಿಯನ್ನಾದರೂ ಮಾರಿಕೊಳ್ಳಲಿ ಎನ್ನುತ್ತೀರಾ? 2024ರಲ್ಲಿ ನಾಫೆಡ್ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಕೊಟ್ಟಿತು, ರಾಜ್ಯ ಸರ್ಕಾರ 1,500 ಸೇರಿಸಿತು. ಮಾರುವ ರೈತರ ಮೊದಲ ನೋಂದಣಿಯಲ್ಲಿ ಅಕ್ರಮವಾಯಿತೆಂದು ಅದನ್ನು ರದ್ದು ಮಾಡಿ, ಮತ್ತೆ ಬೆರಳಚ್ಚು ಪಡೆದು ನೋಂದಾಯಿಸಿದರು. ಒಳ್ಳೆಯದೇ, ಕಳ್ಳರು ಸಿಗಬೇಕು. ಆದರೆ ಪೌತಿ ಖಾತೆ ಆಗದ ಮನೆಯಲ್ಲಿ ಪಹಣಿ ಇರುವುದು ಸತ್ತವನ ಹೆಸರಿಗೆ. ತೋಟ ಕಾಯ್ದವಳ ಹೆಬ್ಬೆಟ್ಟು ಕೌಂಟರಿನ ಮುಂದೆಯೇ ಇತ್ತು. ಯಂತ್ರಕ್ಕೆ ಬೇಕಾದ ಹೆಬ್ಬೆಟ್ಟು ತೋಟದ ಮೂಲೆಯಲ್ಲಿ ಮಣ್ಣಾಗಿತ್ತು.

ಬ್ಯಾಂಕಿನಲ್ಲೂ ಇದೇ ಧರ್ಮ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ 436 ರೂಪಾಯಿ ವರ್ಷ ವರ್ಷ ಖಾತೆಯಿಂದ ತಾನಾಗೇ ಕಡಿತ. ಸತ್ತಮೇಲೆ ಬರಬೇಕಾದ 2 ಲಕ್ಷಕ್ಕೆ ಆ ‘ತಾನಾಗೇ’ ಗೊತ್ತಿಲ್ಲ. ಪಾಸ್‌ಬುಕ್ಕಿನ ಆ ಸಾಲನ್ನು ಓದಿ ಹೇಳುವ ಪುಣ್ಯಾತ್ಮ ಸಿಗದಿದ್ದರೆ ಆಕೆಗೂ ಗೊತ್ತಾಗುವುದಿಲ್ಲ.

ಗೊನೆ ಕೆಡವಲು ಮರ ಹತ್ತುವವನು ಬಹಳ ಕಡೆ ಸದಸ್ಯನೂ ಅಲ್ಲ, ಅವನಿಗೆ ಮೌನವೂ ಇಲ್ಲ. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯಿದೆ, ಕಂತಿನ ಬಹುಪಾಲನ್ನು ಮಂಡಳಿಯೇ ಭರಿಸುತ್ತದೆ. ಅದರ ಕರಪತ್ರ ಮರದ ಬುಡದವರೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಕೊನೆಗೆ ವಿಧವಾ ವೇತನ, ತಿಂಗಳಿಗೆ 800 ರೂಪಾಯಿ. ಆ ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ ಏಳು ಕೆಜಿ ಕೊಬ್ಬರಿಗೆ ಸಾಲದು.

ಹಾಗಂತ ಸತ್ತ ಸದಸ್ಯನನ್ನು ಎಲ್ಲರೂ ಮರೆತಿದ್ದಾರೆ ಎನ್ನಬೇಡಿ. ಆಡಳಿತ ಮಂಡಳಿ ಚುನಾವಣೆ ಬಂತೆಂದರೆ ಪಟ್ಟಿಯಲ್ಲಿ ಅವನು ಗಟ್ಟಿಮುಟ್ಟಾಗಿರುತ್ತಾನೆ. ಪಟ್ಟಿ ಹಿಡಿದವರು ಜಗಲಿಗೆ ಬಂದು, “ಅಕ್ಕಾ, ಅಣ್ಣನ ಓಟು ನಮ್ಗೇ ಅಲ್ವಾ?” ಎಂದು ಕೇಳುತ್ತಾರೆ.

“ಓಟಿಗೆ ವಂಶವೃಕ್ಷ ಬ್ಯಾಡ್ವೇನಪ್ಪಾ?”