ಒಂದೂವರೆ ಬೆರಳು

ಮನುಷ್ಯನು ಪರದೇಶದಲ್ಲಿ ಮೂವತ್ತು ವರ್ಷ ಬಾಳಿದರೆ ಅವನ ನಾಲಗೆ, ಉಡುಪು, ನಿದ್ರೆಯ ವೇಳೆ ಇವೆಲ್ಲವೂ ಕ್ರಮೇಣ ಮಾರ್ಪಡುವುದು ಸಹಜವೇ ಸರಿ. ಆದರೆ ತಾನೊಬ್ಬ ವ್ಯವಹಾರಚತುರನೆಂಬ ಭ್ರಾಂತಿಯೂ ಆ ದೇಶದ ಜಿಟಿಜಿಟಿ ಮಳೆಯಲ್ಲಿ ಹಾವಸೆಯಂತೆ ಅವನ ಮೇಲೆ ಬೆಳೆದುಕೊಳ್ಳುತ್ತದೆಂಬುದನ್ನು ವಿಮಾನವೇರುವ ಮೊದಲು ಯಾರೂ ಅವನಿಗೆ ಹೇಳುವುದಿಲ್ಲ. ನನಗೆ ಈ ಹಾವಸೆ ಹತ್ತಿದ್ದು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ, ನಮ್ಮ ಮೊದಲ ಮನೆಯನ್ನು ನಾಲ್ಕು ಲಕ್ಷ ಪೌಂಡಿಗೆ ಮಾರಿದಾಗ. ಅಲ್ಲಿ ದಲಾಲಿಯ ಭಾರವೆಲ್ಲವೂ ಮಾರುವವನ ತಲೆಯ ಮೇಲೆಯೇ. ಕೊಳ್ಳುವವನು ದಲಾಲನಿಗೆ ಕೊಡುವುದು ಒಂದು ಮುಗುಳ್ನಗೆ ಮಾತ್ರ. ಎಲ್ಲ ಸೇರಿ ಶೇಕಡಾ ಒಂದೂವರೆ ಎಂದು ನೇರವಾಗಿ ಹೇಳಿದ ಒಬ್ಬ ಸಜ್ಜನನನ್ನು ತಿರಸ್ಕರಿಸಿ, ಒಂದು ಮುಕ್ಕಾಲು ಕೇಳಿದ ಇನ್ನೊಬ್ಬನೊಡನೆ ಮೂರು ವಾರ ವಾಗ್ಯುದ್ಧ ಹೂಡಿ, ಅವನನ್ನು ಒಂದೂಕಾಲಿಗೆ ಇಳಿಸಿ, ವಿಜಯೋತ್ಸಾಹದಿಂದ ಮನೆಗೆ ಬಂದೆನು. ಕಡೆಗೆ ಬಿಲ್ಲು ಬಂದಾಗ ಐದು ಸಾವಿರ ಪೌಂಡಿನ ಕೆಳಗೆ ವ್ಯಾಟ್ ಎಂಬ ಹೆಸರಿನಲ್ಲಿ ಶೇಕಡಾ ಇಪ್ಪತ್ತು, ಅಂದರೆ ಇನ್ನೊಂದು ಸಾವಿರ, ಮೌನವಾಗಿ ಕುಳಿತಿದ್ದಿತು. ಆರು ಸಾವಿರವೆಂದರೆ ಸರಿಯಾಗಿ ಶೇಕಡಾ ಒಂದೂವರೆಯೇ ಆಯಿತೆಂದು ನನ್ನ ಮನೆಯಾಕೆ ಕರೆಂಟು ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಮಾಡಿ ತೋರಿಸಿದಳು. ತನ್ನ ಫೀಯನ್ನು ದಲಾಲನು ಮುಂಚೆಯೇ ತಿಳಿಸಬೇಕೆಂದು ಅಲ್ಲಿ 1979ರ ಕಾಯಿದೆಯೊಂದು ಇದೆ. ಅವನು ತಿಳಿಸಿಯೂ ಇದ್ದನು, ಸಣ್ಣ ಅಕ್ಷರಗಳಲ್ಲಿ. ಕಾಯಿದೆ ಅವನ ಪಕ್ಷದಲ್ಲಿದ್ದಿತು, ಕನ್ನಡಕ ನನ್ನ ಕಿಸೆಯಲ್ಲಿದ್ದಿತು.

ಇಂಥ ಅನುಭವಸಂಪನ್ನನಾದ ನನಗೆ, ಅಪ್ಪ ತೀರಿಕೊಂಡ ಮೇಲೆ ಗಜೇಂದ್ರಗಡದ ಹಿರಿಯರ ಮನೆಯನ್ನು ಮಾರುವ ಪ್ರಸಂಗ ಒದಗಿತು. ಗುಡ್ಡದ ಕೆಳಗಿನ ಓಣಿಯಲ್ಲಿ ಮಣ್ಣಿನ ಮಾಳಿಗೆಯ ಮನೆ. ಒಳಗೆ ಎಂದೋ ಮುಚ್ಚಿದ ಹಗೇವು, ಪಕ್ಕದ ಮನೆಯಲ್ಲಿ ಎಡೆಬಿಡದ ಮಗ್ಗದ ಸಪ್ಪಳ, ಮಾಳಿಗೆ ಹತ್ತಿದರೆ ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳು. ಪಾಲುದಾರರು ಮೂವರು: ನಾನು, ಪುಣೆಯಲ್ಲಿರುವ ತಮ್ಮ, ನರಗುಂದಕ್ಕೆ ಕೊಟ್ಟ ಅಕ್ಕ. ಕೀಲಿಕೈ ಅಕ್ಕನ ಸೊಂಟದಲ್ಲಿ. ಅಧಿಕಾರವೂ ಅಲ್ಲಿಯೇ ಇದ್ದಿತೆಂಬುದು ನನಗೆ ತಡವಾಗಿ ತಿಳಿಯಿತು.

ದಲಾಲನು ರೋಣದವನು. ಪಂಡಿತ ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಆ ಊರಿನ ಗಾಳಿಯ ಗುಣವೋ ಏನೋ, ಈ ಮಹಾಶಯನೂ ವಿಷಯದ ಷಡ್ಜಕ್ಕೆ ಬಂದು ನಿಲ್ಲುವ ಮೊದಲು ಮಳೆ, ಜೋಳದ ಬೆಲೆ, ನಮ್ಮಜ್ಜನ ಔದಾರ್ಯ ಇವುಗಳ ಮೇಲೆ ಅರ್ಧ ತಾಸಿನ ಆಲಾಪ ಮಾಡುವನು. ನಾನು ರೆಡಿಂಗಿನಿಂದಲೇ ಏಳು ಕಲಮುಗಳ ಒಂದು ಕರಾರುಪತ್ರವನ್ನು ಬರೆದು ಅವನಿಗೆ ಕಳಿಸಿದೆನು: ದಲಾಲಿ ಎಷ್ಟು, ಯಾವಾಗ, ಯಾವ ಷರತ್ತಿಗೆ, ಮತ್ತು ಮುಖ್ಯವಾಗಿ ಯಾವ ತೆರಿಗೆಯೂ ಅದರ ಬಾಲಕ್ಕೆ ಅಂಟಿಕೊಂಡು ಬರತಕ್ಕದ್ದಲ್ಲವೆಂಬುದಾಗಿ. ವಾಟ್ಸ್‌ಆ್ಯಪಿನಲ್ಲಿ ಅವನ ಧ್ವನಿ ಬಂತು: “ಸಾಹೇಬ್ರ, ನೀವು ಬರದದ್ದು ಭಾಳ ಛಲೋ ಐತ್ರಿ. ಓದಾಕ ಮಗನ್ನ ಕರಸ್ತೀನಿ. ನೀವು ಬರ್ರಿ, ಕುಂತು ಮಾತಾಡೂಣು.”

ಲಂಡನ್ನಿನ ಇಂಡಿಯಾ ಹೌಸಿನಲ್ಲಿ ಮುಖತ್ಯಾರಪತ್ರಕ್ಕೆ ಸಹಿ ದೃಢೀಕರಿಸಿ ಕಳಿಸಿ, ಅದು ದೇಶವನ್ನು ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಹಾಕಿಸಿದ್ದರೆ ನನ್ನ ಕೆಲಸ ತೀರುತ್ತಿದ್ದಿತು. ಆದರೆ ಸಹಿಯನ್ನು ಇನ್ನೊಬ್ಬನಿಗೆ ವಹಿಸಬಹುದೇ ಹೊರತು ಚೌಕಾಶಿಯನ್ನು ವಹಿಸಬಹುದೇ? ಸ್ವತಃ ಬಂದೆನು.

ಪಡಸಾಲೆಯಲ್ಲಿ ಮನೆಯ ಬೆಲೆ ಮೂವತ್ತೆರಡು ಲಕ್ಷಕ್ಕೆ ನಿಂತ ಮೇಲೆ ದಲಾಲನು ಹೆಗಲ ಮೇಲಿನ ವಸ್ತ್ರವನ್ನು ಬಿಡಿಸಿ, “ಕೈ ಕೊಡ್ರಿ” ಎಂದನು. ದನದ ಪೇಟೆಯಲ್ಲಿ ಎತ್ತಿನ ಬೆಲೆಯನ್ನು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಗೊತ್ತುಮಾಡುವುದನ್ನು ಬಾಲ್ಯದಲ್ಲಿ ನೋಡಿದ್ದೆನಾದರೂ, ನನ್ನದೇ ಬೆರಳುಗಳು ಆ ಕತ್ತಲೆಯನ್ನು ಹೊಕ್ಕದ್ದು ಅದೇ ಮೊದಲು. ಅವನು ಎರಡು ಬೆರಳುಗಳನ್ನು ಹಿಡಿದು, “ಇಷ್ಟು” ಎಂದನು. ಶೇಕಡಾ ಎರಡು, ಅರವತ್ತನಾಲ್ಕು ಸಾವಿರ! ಮರಾಠರಿಗೂ ಟೀಪುವಿಗೂ 1787ರಲ್ಲಿ ಆದ ಒಪ್ಪಂದಕ್ಕೆ ಇದೇ ಗಜೇಂದ್ರಗಡದ ಹೆಸರಿದೆ. ಅಲ್ಲಿ ನಡುವೆ ಓಡಾಡಿದವರಿಗೆ ಏನು ಸಂದಿತೆಂಬುದನ್ನು ನಾನು ಓದಿದ ಚರಿತ್ರೆಗಳು ಹೇಳುವುದಿಲ್ಲವಾದರೂ, ಅವರು ಕೂಡ ಈ ಪರಿಯ ದುರಾಶೆಯನ್ನು ತೋರಿರಲಾರರೆಂದು ನನಗೆ ಎನಿಸಿತು. “ಇಂಗ್ಲೆಂಡಿನ್ಯಾಗೂ ನಾನು ಇಷ್ಟು ಕೊಟ್ಟಿಲ್ರಿ” ಎಂದು ಒಂದು ಬೆರಳನ್ನು ಬಲವಾಗಿ ಒತ್ತಿದೆನು. ಅವನು ನಿಟ್ಟುಸಿರುಬಿಟ್ಟು ಅಕ್ಕನ ಕಡೆ ನೋಡಿದನು. ಅಕ್ಕ ಕಿಟಕಿಯ ಕಡೆ ನೋಡಿದಳು. ಮುಕ್ಕಾಲು ತಾಸಿನ ಬಳಿಕ, ಒಂದು ಪೂರ್ತಿ ಬೆರಳೂ ಇನ್ನೊಂದರ ನಡುಗೆಣ್ಣೂ ಸೇರಿ, ಒಂದೂವರೆಗೆ ಇತ್ಯರ್ಥವಾಯಿತು. ವಸ್ತ್ರದಿಂದ ಹೊರಬಂದ ನನ್ನ ಕೈ ಬೆವೆತಿದ್ದಿತು. ಮನಸ್ಸು ಮಾತ್ರ ದಿಗ್ವಿಜಯ ಮುಗಿಸಿದ ಸಾರ್ವಭೌಮನದು.

ಕೊಳ್ಳುವವನು ನರಗುಂದದ ರೈತ. ಮಾರುವವರೆಲ್ಲ ಇಲ್ಲಿಯ ನಿವಾಸಿಗಳಾಗಿದ್ದರೆ ಐವತ್ತು ಲಕ್ಷಕ್ಕೆ ಮುಟ್ಟದ ಖರೀದಿಯಲ್ಲಿ ಅವನು ಯಾರ ಆದಾಯ ತೆರಿಗೆಯನ್ನೂ ಹಿಡಿದುಕೊಳ್ಳಬೇಕಾಗಿರಲಿಲ್ಲ. ನಾನೊಬ್ಬ ಅನಿವಾಸಿಯಾದುದರಿಂದ ನನ್ನ ಪಾಲಿನ ಹಣ ಎಷ್ಟೇ ಇರಲಿ, ಅದರಲ್ಲಿ ತೆರಿಗೆಯನ್ನು ಮುರಿದುಕೊಂಡು ಸರಕಾರಕ್ಕೆ ತುಂಬಬೇಕಾದವನು ಅವನೇ. ಮಲಪ್ರಭೆಯ ನೀರಿನ ಕರದ ವಿರುದ್ಧ 1980ರಲ್ಲಿ ಎದ್ದು ನಿಂತ ರೈತರ ಊರಿನವನ ಎದುರಿಗೆ, ಪರದೇಶದಿಂದ ಬಂದವನೊಬ್ಬನು “ನನ್ನ ಕರವನ್ನು ನೀನು ಕಟ್ಟು” ಎಂದರೆ ಏನಾದೀತು! ಆತ ಎದ್ದು ಚಪ್ಪಲಿ ಮೆಟ್ಟಿಕೊಂಡನು. ಇಂಗ್ಲಿಷಿನಲ್ಲಿದ್ದ ನಿಯಮವನ್ನು ನಾನು ಫೋನಿನಲ್ಲಿ ತೆಗೆದು ಓದತೊಡಗಿದೆನು. ಆತ ಕಟ್ಟೆ ಇಳಿದನು. ಆಗ ನಮ್ಮ ಆಲಾಪಪಂಡಿತನು ಆಲಾಪವಿಲ್ಲದೆ ನುಡಿದ ಏಕೈಕ ವಾಕ್ಯ ಇದು: “ಯಜಮಾನ್ರ, ಇದು ನಿಮ್ಮ ರೊಕ್ಕ ಅಲ್ರಿ, ಸಾಹೇಬ್ರ ರೊಕ್ಕದಾಗಿಂದ ಹಿಡದು ನೀವು ಸರಕಾರಕ್ಕ ಮುಟ್ಟಸೂದು, ಅಷ್ಟ.” ಯಜಮಾನರು ನನ್ನನ್ನು ಕನಿಕರದಿಂದ ನೋಡಿ, ತಿರುಗಿ ಬಂದು ಕುಳಿತು, ಚಹಾ ಕುಡಿದರು.

ನೋಂದಣಿಯಾದ ಸಂಜೆ ಶೇಕಡಾ ಒಂದೂವರೆಯ ಲೆಕ್ಕದಲ್ಲಿ ನಲವತ್ತೆಂಟು ಸಾವಿರವನ್ನು, ಅಂದರೆ ಐನೂರರ ತೊಂಬತ್ತಾರು ನೋಟುಗಳನ್ನು, ದಲಾಲನ ಮುಂದಿಟ್ಟೆನು. ಅವನು ನಾಲಗೆಗೆ ಬೆರಳು ತಾಗಿಸುತ್ತ ಮೂವತ್ತು ನೋಟು ಎಣಿಸಿಕೊಂಡು ಉಳಿದದ್ದನ್ನು ನನ್ನ ಕಡೆ ಸರಿಸಿದನು.

“ಒಂದೂವರಿ ಅಂತ ಆಗಿತ್ತಲ್ರಿ?”

“ಹೌದ್ರಿ ಸಾಹೇಬ್ರ, ಒಂದೂವರಿ ಬೆರಳ. ಬೆರಳಿಗೆ ಹತ್ತು ಸಾವಿರ.”

ರೆಡಿಂಗಿನಲ್ಲಿ ಮೇಲೇನು ಕೂಡುತ್ತದೆಂದು ಕೇಳಲಿಲ್ಲ. ಗಜೇಂದ್ರಗಡದಲ್ಲಿ ಬೆರಳೆಂದರೆ ಎಷ್ಟೆಂದು ಕೇಳಲಿಲ್ಲ. ಆದರೂ ಇಪ್ಪತ್ತು ಸಾವಿರವನ್ನು ಹದಿನೈದಕ್ಕೆ ಇಳಿಸಿದ ಕೀರ್ತಿಯಾದರೂ ನನಗೆ ಸಲ್ಲಬೇಡವೇ ಎಂದು ಅಕ್ಕನ ಮುಂದೆ ಹೇಳಿಕೊಂಡೆನು. ಅವಳು ಕೀಲಿಕೈಯನ್ನು ಸೊಂಟದಿಂದ ತೆಗೆಯುತ್ತ ಹೇಳಿದಳು: “ಹದಿನೈದು ಅಂತ ಯುಗಾದಿಗೇ ಮಾತಾಗಿತ್ತೋ ತಮ್ಮಾ, ನರಗುಂದದಾಗ, ನಮ್ಮ ಕಟ್ಟಿ ಮ್ಯಾಲ. ನೀ ಅಷ್ಟು ದೂರದಿಂದ ಬರಾಕತ್ತಿದ್ದಿ, ಚೌಕಾಶಿ ಮಾಡದ ಹೋದ್ರ ನಿನಗ ಉಂಡಂಗ ಆಗೂದಿಲ್ಲ. ಅದಕ್ಕ ಎರಡರಿಂದ ಸುರು ಮಾಡ್ರಿ, ಸಾವಕಾಶ ಇಳೀರಿ ಅಂತ ನಾನ ಅವರಿಗೆ ಹೇಳಿದ್ದೆ.”

ಹೀಗೆಂದವಳೇ ಉಳಿದ ನೋಟುಗಳಲ್ಲಿ ಒಂದು ಹಿಡಿಯನ್ನು ಕೇಳದೆಯೇ ತೆಗೆದುಕೊಂಡು ಪಕ್ಕದ ಮಗ್ಗದ ಮನೆಗೆ ಹೋಗಿ, ತನಗೊಂದು, ನನ್ನ ಮನೆಯಾಕೆಗೊಂದು ಸೀರೆ ತಂದಳು. ಅವುಗಳ ಬೆಲೆ ಎಷ್ಟೆಂಬುದು ನನಗೆ ಇದುವರೆಗೂ ತಿಳಿದಿಲ್ಲ.