ನೆಲ ನೋಡಿ ಸೈಕಲ್ ತಗೋರಿ, ಕಾಕಾ

"ಅಲ್ಲೋ ತಮ್ಮಾ, ಒಂದ ಸೈಕಲ್ಲಿಗೆ ಎಪ್ಪತ್ತ ಸಾವಿರ ಅಂದ್ರ ಹ್ಯಾಂಗೋ? ಆ ರೊಕ್ಕದಾಗ ಹಾಲ ಹಿಂಡೂ ಎಮ್ಮಿ ಒಂದ ಬರ್ತೈತಲ್ಲ!"

ಬೇಲಿಯಾಚೆ ಪಕ್ಕದ ಮನೆಯ ಕಾಕಾ. ಗೋಕಾಕ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಶಿಫ್ಟಿಗೆ ಹೋಗುವುದು, ಬರುವುದು, ಸಂತೆ, ಜಾತ್ರೆ ಎಲ್ಲ ಇಪ್ಪತ್ತೆರಡು ಇಂಚಿನ ಫ್ರೇಮಿನ ಕರಿ ಸೈಕಲ್ಲಿನ ಮೇಲೇ ಮಾಡಿದವರು. ಈಗ ಅವರ ಮೊಮ್ಮಗ ಪಿಯುಸಿ ಮುಗಿಸಿ, ಗುಡ್ಡ ಹತ್ತುವ ಹಾರ್ಡ್‌ಟೇಲ್ ಸೈಕಲ್ಲೇ ಬೇಕೆಂದು ಹಟ ಹಿಡಿದಿದ್ದಾನೆ. ಮೊಬೈಲಿನಲ್ಲಿ ನೋಡಿದ ಮಾಡೆಲ್‌ಗಳ ಹೆಸರನ್ನೆಲ್ಲ ಚೀಟಿಯಲ್ಲಿ ಬರೆದು ಅಜ್ಜನ ಕೈಗೆ ಕೊಟ್ಟಿದ್ದಾನೆ.

"ಚೀಟಿ ಆಮ್ಯಾಲ ನೋಡೂಣ್ರಿ ಕಾಕಾ. ಮೊದಲ ಹೇಳ್ರಿ, ಹುಡುಗ ಸೈಕಲ್ ಹೊಡಿಯೂದು ಎಲ್ಲಿ?"

"ಇಲ್ಲೇ ನೋಡಪಾ. ಗುಡ್ಡದಾಗ, ಕಾಲವಿ ದಂಡಿ ಮ್ಯಾಲ, ಗೊಡಚಿನಮಲ್ಕಿ ತನಕ ಅಂತಾನ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸೈಕಲ್ ಆರಿಸಬೇಕಾದದ್ದು ನೆಲ ನೋಡಿ. ನಮ್ಮ ನೆಲವಾದರೂ ಒಂದೇ ತರಹದ್ದಲ್ಲ. ಗೋಕಾಕ ಫಾಲ್ಸಿನ ಸುತ್ತ ಇರುವುದು ಕಲಾದಗಿ ಶ್ರೇಣಿಯ ಮರಳುಗಲ್ಲು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದು ಈ ಬಂಡೆಯ ಅಂಚಿನಿಂದಲೇ. ಈ ಕಲ್ಲು ಪದರು ಪದರಾಗಿ ಒಡೆಯುವುದರಿಂದ ಗುಡ್ಡದ ಹಾದಿಯ ತುಂಬ ಗೇಣೆತ್ತರದ ಮೆಟ್ಟಿಲುಗಳು ಎದ್ದಿರುತ್ತವೆ, ಅಂಚೆಲ್ಲ ಚೂಪು. ಬಂಡೆ ಮುಗಿದಲ್ಲಿ ಸಡಿಲ ಗರಸು, ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ಮೂಡಲಗಿ ಕಡೆ ಇಳಿದರೆ ಎರಿ ಹೊಲ. ಬ್ಯಾಸಿಗೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟುಹೋದ ಜಾಡು ಕಲ್ಲಿನ ಹಾಗೆ ಗಟ್ಟಿ, ಮಳೆಗಾಲದಲ್ಲಿ ಅದೇ ಜಾಡು ಅಂಟು ರಾಡಿ. ಇನ್ನು ಧೂಪದಾಳ ಒಡ್ಡಿನಿಂದ ಹೊರಡುವ ಎಡದಂಡೆ ಕಾಲುವೆಯ ದಂಡೆ ನೋಡಲು ಸಪಾಟು, ಆದರೆ ಉದ್ದಕ್ಕೂ ಜಾಲಿಮುಳ್ಳು. ಒಂದು ಮುಂಜಾನೆ ಹೊರಟು ಬಿಸಿಲೇರುವುದರೊಳಗೆ ಮನೆಗೆ ಬಂದರೂ ಈ ನಾಲ್ಕೂ ನೆಲ ಗಾಲಿಯ ಕೆಳಗೆ ಹಾಯ್ದಿರುತ್ತವೆ.

"ಹಂಗಾರ ಮುಂದ ಹಿಂದ ಎರಡೂ ಕಡೆ ಶಾಕಪ್ಸರ್ ಇದ್ದದ್ದ ತಗೊಂಡ್ರಾತಲ್ಲ?"

ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಹಿಂದೆಯೂ ಸಸ್ಪೆನ್ಷನ್ ಇರುವ ಒಳ್ಳೆಯ ಸೈಕಲ್ಲಿಗೆ ಲಕ್ಷಗಟ್ಟಲೆ ರೊಕ್ಕ ಬೇಕು. ಕಡಿಮೆ ರೊಕ್ಕಕ್ಕೆ ಎರಡೂ ಕಡೆ ಸ್ಪ್ರಿಂಗ್ ಹಾಕಿ ಮಾರುವ ಸೈಕಲ್ಲು ಏರಿನಲ್ಲಿ ತುಳಿದ ಬಲವನ್ನೆಲ್ಲ ತಾನೇ ಕುಣಿದು ಕಳೆಯುತ್ತದೆ. ಅದರ ಹಿಂದಿನ ಕೀಲುಗಳಿಗೆ ಮರಳು, ರಾಡಿ ಹೊಕ್ಕರೆ ಬಿಚ್ಚಿ ಸರಿಮಾಡುವವರು ನಮ್ಮ ಸುತ್ತ ಸಿಗುವುದು ಕಷ್ಟ. ಹಾರ್ಡ್‌ಟೇಲ್‌ನಲ್ಲಿ ಹಿಂದಿನ ಭಾಗ ನಿಮ್ಮ ಕರಿ ಸೈಕಲ್ಲಿನಂತೆಯೇ ಬಿಗಿ ತ್ರಿಕೋನ. ಕುಣಿಯುವುದು ಮುಂದಿನ ಫೋರ್ಕ್ ಒಂದೇ. ಹುಡುಗ ತಾನೇ ತೊಳೆದು, ಎಣ್ಣೆ ಬಿಟ್ಟು, ಬಿಗಿ ಮಾಡಿಕೊಳ್ಳಬಹುದು. ಎದ್ದು ನಿಂತು ಮೊಣಕಾಲು ಮಡಚಿ ಕಲ್ಲು ದಾಟುವುದನ್ನೂ ಈ ಸೈಕಲ್ಲೇ ಕಲಿಸುತ್ತದೆ.

ಇನ್ನೊಂದು ಮಾತನ್ನೂ ಕಾಕಾಗೆ ಹೇಳಿದೆ. ಈ ಆಟ ಶುರುವಾದದ್ದೇ ಹಳೆಯ ಸೈಕಲ್ಲುಗಳ ಮೇಲೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಎಂಬಲ್ಲಿಯ ಹುಡುಗರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಡ್ಡದ ಮೇಲೊಯ್ದು, ಮಣ್ಣಿನ ಹಾದಿಯಲ್ಲಿ ಇಳಿಸುವ ಪಂದ್ಯ ಕಟ್ಟಿದ್ದು 1976ರ ಅಕ್ಟೋಬರ್ 21ರಂದು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಅವುಗಳದು. ಕೆಳಗೆ ಬರುವಷ್ಟರಲ್ಲಿ ಹಬ್ಬಿನೊಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು, ಪ್ರತಿ ಸಲ ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಮರುವರ್ಷ ಜೋ ಬ್ರೀಜ್ ಎಂಬವರು ಇಂಥ ಹಾದಿಗೆಂದೇ ಹೊಸ ಫ್ರೇಮ್ ಬೆಸೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಇದು ಪದಕದ ಆಟವಾಯಿತು.

"ಅಂದ್ರ ಅವರದೂ ನಮ್ಮ ಹಂಗ ಹಳೇ ಸೈಕಲ್ಲನ!" ಕಾಕಾಗೆ ಖುಷಿಯಾಯಿತು. ಬೇಲಿಯ ಹತ್ತಿರ ಬಂದು ಚೀಟಿ ಬಿಚ್ಚಿದರು. "ಇಲ್ಲಿ ಇಪ್ಪತ್ತೊಂಬತ್ತ ಇಂಚ ಅಂತ ಬರದಾನ. ಅಷ್ಟ ದೊಡ್ಡ ಗಾಲಿ ಬೇಕೇನು?"

ಬೇಕು. ನಿಮ್ಮ ಕರಿ ಸೈಕಲ್ಲಿನ ರಿಮ್ಮಿನಲ್ಲಿ ಟೈರು ಕೂಡುವ ಜಾಗದ ಅಳತೆ 635 ಮಿಲಿಮೀಟರ್, ಈ ಇಪ್ಪತ್ತೊಂಬತ್ತರದು 622. ಅಂದರೆ ರಿಮ್ಮು ನಿಮ್ಮದಕ್ಕಿಂತ ತುಸು ಚಿಕ್ಕದೇ, ದೊಡ್ಡದಾಗಿ ಕಾಣುವುದು ಟೈರಿನ ದಪ್ಪದಿಂದ. ನಮ್ಮ ಗೇಣೆತ್ತರದ ಕಲ್ಲು ಮೆಟ್ಟಿಲಿಗೆ ದೊಡ್ಡ ಗಾಲಿ ಸಿಕ್ಕಿಬೀಳುವುದು ಕಡಿಮೆ, ಉರುಳಿ ದಾಟುತ್ತದೆ. ಇಪ್ಪತ್ತೇಳೂವರೆ ಇಂಚಿನದು, 584 ಮಿಲಿಮೀಟರಿನದು, ಗಿಡ್ಡ ಮೈಯವರಿಗೆ ಹಗುರ, ಬೇಗ ತಿರುಗುತ್ತದೆ. ನಿಮ್ಮ ಹುಡುಗ ಐದಡಿ ಎಂಟಿಂಚು ಇದ್ದಾನೆ, ಅವನಿಗೆ ಇಪ್ಪತ್ತೊಂಬತ್ತೇ ಸರಿ.

ಗಾಲಿಗಿಂತ ಹೆಚ್ಚು ಲಕ್ಷ್ಯ ಕೊಡಬೇಕಾದದ್ದು ಟೈರಿಗೆ. ಅಗಲ 2.3ರಿಂದ 2.4 ಇಂಚು ಇರಲಿ. ಅದಕ್ಕಿಂತ ದಪ್ಪ ಹಾಕಿದರೆ ಗರಸಿನಲ್ಲಿ ಹಿಡಿತ ಸಿಗುತ್ತದೆ, ಎರಿ ರಾಡಿಯಲ್ಲಿ ಮಾತ್ರ ಗಾಲಿಯೇ ತಿರುಗುವುದಿಲ್ಲ. ಅಂಗಡಿಯಲ್ಲಿ ಸೈಕಲ್ ಹಿಂದೆ ಕುಳಿತು ಟೈರಿಗೂ ಫ್ರೇಮಿನ ಕೋಲಿಗೂ ನಡುವೆ ಕಿರುಬೆರಳು ತೂರಿಸಿ ನೋಡಬೇಕು. ಬೆರಳು ಸಲೀಸಾಗಿ ಹೋಗದಿದ್ದರೆ ಆ ಸೈಕಲ್ ಮೂಡಲಗಿ ಹಾದಿಯಲ್ಲಿ ಒಂದು ಮಳೆಗೇ ನಿಲ್ಲುತ್ತದೆ. ಎರಿ ಮಣ್ಣು ಹುಲ್ಲು, ರವದಿಯನ್ನು ಕೂಡಿಸಿಕೊಂಡು ಅಲ್ಲೇ ಕಟ್ಟಿಕೊಳ್ಳುತ್ತದೆ, ಕಡ್ಡಿಯಿಂದ ಕೆದರಿ ತೆಗೆದರೂ ಹತ್ತು ಮಾರಿಗೆ ಮತ್ತೆ ಅಷ್ಟೇ.

"ಮುಳ್ಳಿಗೆ ಏನ ಮಾಡ್ತಿ? ನನ್ನ ಕಾಲದಾಗ ವಾರಕ್ಕೊಮ್ಮೆ ಪಂಚರ್ ಆಗತಿತ್ತ."

ಮುಳ್ಳಿಗೆ ಮದ್ದು ಟ್ಯೂಬ್‌ಲೆಸ್. ಟೈರಿನೊಳಗೆ ಟ್ಯೂಬ್ ಇರುವುದಿಲ್ಲ, ಸೀಲಂಟ್ ಎಂಬ ಹಾಲಿನಂಥ ದ್ರವ ಇರುತ್ತದೆ. ಜಾಲಿಮುಳ್ಳು ಹೊಕ್ಕು ನೀವು ಕಿತ್ತಾಗ ಬಿಳಿ ಗುಳ್ಳೆ ಬುಸ್ಸೆಂದು ಹೊರಬರುತ್ತದೆ. ಆ ತೂತನ್ನು ಕೆಳಗೆ ಮಾಡಿ ಗಾಲಿಯನ್ನು ಎರಡು ಸುತ್ತು ತಿರುಗಿಸಿದರೆ ದ್ರವ ಅಲ್ಲೇ ಗಟ್ಟಿಯಾಗಿ ಬಾಯಿ ಮುಚ್ಚುತ್ತದೆ. ಗಾಳಿಯನ್ನೂ ಕಡಿಮೆ ಇಡಬಹುದು. ಟ್ಯೂಬ್ ಇದ್ದರೆ 30 ಪಿಎಸ್‌ಐ ಆಸುಪಾಸು ಬೇಕು. ಇಲ್ಲವಾದರೆ ಚೂಪು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ಕಡೆ ಸೀಳುತ್ತದೆ. ಟ್ಯೂಬ್‌ಲೆಸ್‌ನಲ್ಲಿ ನಿಮ್ಮ ಹುಡುಗನ ತೂಕಕ್ಕೆ 20ರಿಂದ 24 ಸಾಕು, ಟೈರು ನೆಲವನ್ನು ಅವುಚಿಕೊಂಡು ಹೋಗುತ್ತದೆ. ಕೊಳ್ಳುವಾಗಲೇ ರಿಮ್ಮು, ಟೈರು ಎರಡೂ ಟ್ಯೂಬ್‌ಲೆಸ್ ಆಗಬಲ್ಲವೇ ಎಂದು ಕೇಳಬೇಕು. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ತುಂಬಿಸಬೇಕು.

ಚೀಟಿಯಲ್ಲಿ ಒಂದು ಸೈಕಲ್ಲಿನ ಮುಂದೆ 21 ಗೇರ್, ಇನ್ನೊಂದರ ಮುಂದೆ 11 ಗೇರ್ ಎಂದು ಬರೆದಿತ್ತು. ಇಪ್ಪತ್ತೊಂದೇ ಹೆಚ್ಚಲ್ಲವೇ ಎಂಬುದು ಕಾಕಾನ ವಾದ. ಎಣಿಕೆ ಬಿಟ್ಟು ಲೆಕ್ಕ ಹಾಕೋಣ ಎಂದೆ. ಇಪ್ಪತ್ತೊಂದು ಗೇರಿನದರಲ್ಲಿ ಅತಿ ಹಗುರ ಗೇರೆಂದರೆ ಸಾಮಾನ್ಯವಾಗಿ ಮುಂದೆ 24 ಹಲ್ಲು, ಹಿಂದೆ 28. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ ಮುಂದೆ ಸರಿಯುವುದು ಹತ್ತಿರ ಹತ್ತಿರ 2 ಮೀಟರ್. ಮುಂದೆ 32 ಹಲ್ಲಿನ ಒಂದೇ ಚೈನ್‌ವೀಲ್, ಹಿಂದೆ ದೊಡ್ಡದು 51 ಹಲ್ಲು ಇದ್ದರೆ ಅದೇ ಗಾಲಿಗೆ ಒಂದು ಸುತ್ತಿಗೆ ಸುಮಾರು 1.45 ಮೀಟರ್. ಯೋಗಿಕೊಳ್ಳದಿಂದ ಮೇಲೆ ಬರುವ ಏರಿನಲ್ಲಿ ಕಾಲಿಗೆ ತಿಳಿಯುವುದು ಈ ಅರ್ಧ ಮೀಟರ್. ಮುಂದಿನ ಗೇರ್ ಬದಲಿಸುವ ಸಾಮಾನೇ ಇಲ್ಲದ್ದರಿಂದ ರಾಡಿ ಹಿಡಿಯುವ ಜಾಗವೂ ಒಂದು ಕಡಿಮೆ.

ಹಿಂದಿನ ಹಬ್ಬಿನ ಮೇಲೂ ಒಂದು ಕಣ್ಣಿಡಬೇಕು. ಅಗ್ಗದ ಸೈಕಲ್ಲಿಗೆ ಹಬ್ಬಿನ ಮೇಲೆ ತಿರುವಿ ಕೂಡಿಸುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬೇರಿಂಗ್ ಒಳಗಿದ್ದು ಎಕ್ಸೆಲ್ಲಿನ ತುದಿ ಆಸರೆ ಇಲ್ಲದೆ ಹೊರಚಾಚಿರುತ್ತದೆ, ಕಲ್ಲಿನಿಂದ ಕಲ್ಲಿಗೆ ಇಳಿಸಿದಂತೆ ಎಕ್ಸೆಲ್ ಬೆಂಡಾಗುತ್ತದೆ. ಕ್ಯಾಸೆಟ್ ಕೂಡಿಸುವ ಫ್ರೀಹಬ್‌ನಲ್ಲಿ ಬೇರಿಂಗ್ ತುದಿಯವರೆಗೆ ಬಂದಿರುತ್ತದೆ, ಹೊಡೆತ ತಾಳುತ್ತದೆ. ದಪ್ಪ ಥ್ರೂ ಎಕ್ಸೆಲ್ ಇದ್ದರೆ ಇನ್ನೂ ಬಿಗಿ.

"ಬ್ರೇಕ್?"

"ಬ್ರೇಕಿಗೆ ರೊಕ್ಕ ಉಳಸಬ್ಯಾಡ್ರಿ ಕಾಕಾ." ಹೈಡ್ರಾಲಿಕ್ ಡಿಸ್ಕ್ ಆಗಲೇಬೇಕು. ಒಂದೇ ಬೆರಳಿನಲ್ಲಿ ಹಿಡಿದರೆ ಸಾಕು, ಉಳಿದ ಬೆರಳುಗಳು ಹ್ಯಾಂಡಲ್ ಬಿಡುವುದಿಲ್ಲ. ಗರಸಿನ ಇಳಿಜಾರಿನಲ್ಲಿ ಪೂರ್ತಿ ಬ್ರೇಕ್ ಹಿಡಿದರೆ ಗಾಲಿ ಲಾಕಾಗಿ ಜಾರುತ್ತದೆ. ಅಲ್ಲಿ ಬೇಕಾದದ್ದು ಹದವಾಗಿ ಹಿಡಿಯುವ ಬ್ರೇಕು. ಮುಂದಿನ ಡಿಸ್ಕ್ 180 ಮಿಲಿಮೀಟರ್, ಹಿಂದಿನದು 160 ಇದ್ದರೆ ಒಳ್ಳೆಯದು.

ಫೋರ್ಕಿನ ಮಾತಿಗೆ ಬಂದರೆ, 120 ಮಿಲಿಮೀಟರ್ ಕುಗ್ಗುವ, ಒಳಗೆ ಗಾಳಿ ತುಂಬುವ ಫೋರ್ಕ್ ಇರಲಿ. ಕಬ್ಬಿಣದ ಸ್ಪ್ರಿಂಗ್ ಇರುವುದು ಎಲ್ಲರಿಗೂ ಒಂದೇ ಬಿಗಿ. ನಮ್ಮ ಮನೆಗಳಲ್ಲಿ ಸೈಕಲ್ ಒಬ್ಬನದೇ ಆಗಿ ಉಳಿಯುವುದಿಲ್ಲ, ಇವತ್ತು ಐವತ್ತೈದು ಕೇಜಿಯ ತಮ್ಮ, ನಾಳೆ ಎಂಬತ್ತು ಕೇಜಿಯ ಅಪ್ಪ ಹತ್ತುತ್ತಾರೆ. ಗಾಳಿಯ ಫೋರ್ಕಾದರೆ ಚಿಕ್ಕ ಪಂಪಿನಿಂದ ಅವರವರ ತೂಕಕ್ಕೆ ಹೊಂದಿಸಬಹುದು. ಸುಮ್ಮನೆ ಹತ್ತಿ ನಿಂತಾಗ 25ರಿಂದ 30 ಮಿಲಿಮೀಟರ್ ಕುಗ್ಗಿದರೆ ಹದ ಸರಿ. ಅದನ್ನು ತೋರಿಸಲೆಂದೇ ಅನೇಕ ಫೋರ್ಕುಗಳ ಕೊಳವೆಯ ಮೇಲೆ ಸಣ್ಣ ರಬ್ಬರ್ ಉಂಗುರ ಇರುತ್ತದೆ.

ಎಲ್ಲ ಸಾಮಾನೂ ಬೇಕಾದ್ದೇ ಸಿಗುವಷ್ಟು ರೊಕ್ಕ ಕಾಕಾನ ಹತ್ತಿರ ಇಲ್ಲ, ಹೆಚ್ಚಿನವರ ಹತ್ತಿರವೂ ಇರುವುದಿಲ್ಲ. ಹಾಗಿದ್ದಾಗ ಮುಂದೆ ಬದಲಿಸಲಾಗದ್ದಕ್ಕೆ ಮೊದಲು ರೊಕ್ಕ ಹಾಕಬೇಕು. ಫ್ರೇಮ್ ಬದಲಿಸಲಾಗುವುದಿಲ್ಲ. ಹೀಗಾಗಿ ಹೆಡ್‌ಟ್ಯೂಬ್ ಕೆಳಗೆ ದಪ್ಪ, ಮೇಲೆ ಸಣ್ಣ ಇರುವ ಟೇಪರ್ಡ್ ಆಗಿರಲಿ, ನಾಳೆ ಒಳ್ಳೆಯ ಫೋರ್ಕ್ ಕೂಡುತ್ತದೆ. ಆಮೇಲೆ ಹಬ್ಬು, ರಿಮ್ಮು, ಬ್ರೇಕು. ಗೇರಿನ ಸಾಮಾನು ಸವೆದಾಗ ಮೇಲ್ದರ್ಜೆಯದು ಹಾಕಬಹುದು. ಓಡುತ್ತಿರುವಾಗಲೇ ಸೀಟು ಕೆಳಗಿಳಿಸುವ ಡ್ರಾಪರ್ ಪೋಸ್ಟ್ ಮುಂದಿನ ವರ್ಷದ ಹಬ್ಬಕ್ಕೆ ಬರಲಿ.

ರೊಕ್ಕದ ಮಾತಿನಲ್ಲಿ ಕಾಕಾಗೆ ಸಮಾಧಾನದ ಸುದ್ದಿಯೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಆ ಉಳಿತಾಯದಲ್ಲಿ ಹೆಲ್ಮೆಟ್ ಮೊದಲು ಬರಬೇಕು. ಅದರ ಜೊತೆ ಆ ಸೈಕಲ್ಲಿಗೇ ಕೂಡುವ ಡಿರೇಲರ್ ಹ್ಯಾಂಗರ್ ಒಂದು ಹೆಚ್ಚಿಗೆ ಕೊಂಡಿರಬೇಕು. ಹಿಂದಿನ ಗೇರ್ ಜೋತುಬಿಟ್ಟಿರುವ ಆ ಪುಟ್ಟ ಅಲ್ಯೂಮಿನಿಯಂ ತುಂಡು ಕಲ್ಲಿಗೆ ಬಡಿದಾಗ ಫ್ರೇಮ್ ಉಳಿಸಿ ತಾನು ಮುರಿಯುತ್ತದೆ. ಒಂದೊಂದು ಮಾಡೆಲ್ಲಿಗೆ ಒಂದೊಂದು ಆಕಾರ, ಊರ ಅಂಗಡಿಯಲ್ಲಿ ಸಿಗುವುದಿಲ್ಲ. ಅದೊಂದು ಇಲ್ಲದೆ ಸೈಕಲ್ ತಿಂಗಳುಗಟ್ಟಲೆ ಗೋಡೆಗೆ ಒರಗಿ ನಿಲ್ಲುತ್ತದೆ.

"ಇಷ್ಟೆಲ್ಲ ಕೊಡಿಸಿದ ಮ್ಯಾಲ ಅಂವ ಹೊಡಿತಾನೋ, ಎರಡ ದಿನಕ್ಕ ಬ್ಯಾಸರಾಗಿ ಬಿಡ್ತಾನೋ?" ಕಾಕಾನ ದನಿಯಲ್ಲಿ ನಿಜವಾದ ಚಿಂತೆಯಿತ್ತು.

ಅದಕ್ಕೆ ನನ್ನ ಉತ್ತರ ಗಟ್ಟಿ. ಸೈಕಲ್ ಎಂದರೆ ಈ ಸೀಮೆಯ ಹುಡುಗರಿಗೆ ಹೊರಗಿನದಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಹಳ್ಳಿ ಮಕ್ಕಳು ರಾಜ್ಯಕ್ಕೆ ಸೈಕ್ಲಿಂಗ್ ಪದಕ ತಂದವರು. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯವಿದೆ, ನಮ್ಮದೇ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆಯಲ್ಲಿ ಸೈಕಲ್ ಕಲಿಸುತ್ತಾರೆ. ಡಾಂಬರಿನ ಮೇಲೆ ಇಷ್ಟು ಮಾಡಿದ ಸೀಮೆಗೆ ಗುಡ್ಡದ ಹಾದಿ ಮನೆಯ ಹಿತ್ತಿಲಲ್ಲೇ ಇದೆ. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ನದಿ ಎರಡು ಸಲ ಧುಮುಕುವುದನ್ನು ಕಾರಿನಲ್ಲಿ ಹೋಗಿ ಫೋಟೋ ತೆಗೆದು ಬರುವುದು ಬೇರೆ. ತಾನೇ ತುಳಿದು, ಎಲ್ಲಿ ಕಲ್ಲು ಸಡಿಲ, ಎಲ್ಲಿ ನೆರಳು, ಯಾರ ಹೊಲದ ಬದುವಿನಲ್ಲಿ ಕುಡಿಯುವ ನೀರು ಸಿಗುತ್ತದೆ ಎಂದು ತಿಳಿದು ಬರುವುದು ಬೇರೆ. ಊರನ್ನು ಹೀಗೆ ತಿಳಿದ ಹುಡುಗ ಅದನ್ನು ಹಾಳಾಗಗೊಡುವುದಿಲ್ಲ ಎಂಬುದು ನನ್ನ ನಂಬಿಕೆ.

ಆದ್ದರಿಂದ ಸೈಕಲ್ಲಿನ ಜೊತೆಗೇ ನಾಲ್ಕು ಮಾತು ಹೇಳಿಕೊಡಬೇಕು. ಬಿತ್ತಿದ ಹೊಲದಲ್ಲಿ ಗಾಲಿ ಇಡಬಾರದು. ಹಸಿ ಎರಿ ಹಾದಿಯಲ್ಲಿ ಹೊಡೆದು ಗಾಡಿದಾರಿ ಕೆಡಿಸಬಾರದು. ದನ ಕುರಿ ಎದುರಾದರೆ ಇಳಿದು ನಿಲ್ಲಬೇಕು. ಮಳೆಗಾಲದಲ್ಲಿ ಫಾಲ್ಸಿನ ಬಂಡೆ ಪಾಚಿಗಟ್ಟಿರುತ್ತದೆ, ಎಂಥ ಟೈರೂ ಅಲ್ಲಿ ನಿಲ್ಲುವುದಿಲ್ಲ, ಆ ಅಂಚಿನ ಹತ್ತಿರ ಸೈಕಲ್ ಒಯ್ಯಲೇಬಾರದು.

ಕಾಕಾ ಚೀಟಿಯ ಹಿಂಬದಿಗೆ ಬರೆದುಕೊಂಡರು: ಫ್ರೇಮ್, ಟ್ಯೂಬ್‌ಲೆಸ್, ಹೈಡ್ರಾಲಿಕ್, ಗಾಳಿ ಫೋರ್ಕ್, ಕಿರುಬೆರಳು.

"ಆಯ್ತಪಾ. ಐತವಾರ ಬೆಳಗಾವಿಗೆ ನಾ ಹೋಗಿ ತಂದಬಿಡ್ತೇನಿ."

"ಹುಡುಗನ್ನ ಕರ್ಕೊಂಡ ಹೋಗ್ರಿ ಕಾಕಾ, ಅಂವ ಹತ್ತಿ ನೋಡಲಾರದ ಒಂದ ರೂಪಾಯಿನೂ ಕೊಡಬ್ಯಾಡ್ರಿ. ಕೆಳಗ ನಿಂತಾಗ ನಡುವಿನ ಪೈಪಿಗೂ ಕಾಲಿಗೂ ನಡುವ ಎರಡ ಇಂಚರ ಜಾಗಾ ಇರಬೇಕು, ಪೆಡಲ್ ಮ್ಯಾಲ ಎದ್ದ ನಿಂತಾಗ ಮೊಣಕಾಲ ಹ್ಯಾಂಡಲಿಗೆ ಬಡೀಬಾರದು. ಅಂಗಡ್ಯಾವರು ಹೊರಗ ಒಂದ ಸುತ್ತ ಹೊಡ್ಯಾಕ ಬಿಡದಿದ್ರ ಮುಂದಿನ ಅಂಗಡಿಗೆ ಹೋಗ್ರಿ."