ಸಿಂಡ್ರೆಲಾಳ ರಜಾ ಚೀಟಿ

ಸಿಂಡ್ರೆಲಾ ರಾಜಕುಮಾರ ಬೇಕೆಂದು ಯಾವತ್ತೂ ಕೇಳಿದವಳಲ್ಲ. ಅವಳು ಕೇಳಿದ್ದು ಒಂದು ರಾತ್ರಿಯ ರಜೆ, ಹಾಕಿಕೊಳ್ಳಲು ಒಂದು ಒಳ್ಳೆಯ ಬಟ್ಟೆ. ಅಷ್ಟಕ್ಕೇ ಅವಳ ಕೊರಳಿಗೆ ಗಂಡ, ಅರಮನೆ, ಅತ್ತೆ-ಮಾವ, ರಾಜ್ಯಭಾರ ಎಲ್ಲವನ್ನೂ ಕಟ್ಟಿಬಿಟ್ಟರು. ಅತ್ತೆ-ಮಾವರನ್ನು ಸೇರಿಸಿದವಳು ನಾನು. ಉಳಿದ ಯೋಚನೆ ಅಮೆರಿಕದ ಲೇಖಕಿ ಕೀರಾ ಕ್ಯಾಸ್ ಅವರದು. ಆಕೆಗೆ ಇನ್ನೊಂದು ಅನುಮಾನವೂ ಇತ್ತಂತೆ. ಬೈಬಲಿನ ಎಸ್ತೇರಳನ್ನು ಪರ್ಷಿಯಾದ ರಾಜನ ಅರಮನೆಗೆ ಕರೆದೊಯ್ದರಲ್ಲ, ಅಷ್ಟರಲ್ಲಾಗಲೇ ಅವಳ ಮನಸ್ಸಿನಲ್ಲಿ ಪಕ್ಕದ ಮನೆಯ ಹುಡುಗನೊಬ್ಬ ಇದ್ದಿದ್ದರೆ? ಈ ಎರಡು ಅನುಮಾನಗಳು ಕೂಡಿ 2012ರಲ್ಲಿ 'ದಿ ಸೆಲೆಕ್ಷನ್' ಹುಟ್ಟಿತು. 2013ರಲ್ಲಿ 'ದಿ ಎಲೀಟ್', 2014ರಲ್ಲಿ 'ದಿ ಒನ್'. ಮದುವೆಯಾಯಿತು, ಇನ್ನು ಮುಗಿಯಿತು ಎಂದುಕೊಂಡವರಿಗೆ 2015ರಲ್ಲೂ 2016ರಲ್ಲೂ ಇನ್ನೆರಡು ಪುಸ್ತಕ. ಮದುವೆಯಾದರೆ ಮುಗಿಯಿತು ಎಂದುಕೊಳ್ಳುವುದು ಕಾದಂಬರಿ ಓದುವವರು ಮಾತ್ರ.

ಈ ಐದೂ ಪುಸ್ತಕಗಳು ನನ್ನ ಮನೆಗೆ ಬಂದದ್ದು ಸೆರೆಯಾಳುಗಳಾಗಿ. ಅಣ್ಣನ ಮಗಳು ಎರಡನೆಯ ಪಿಯುಸಿಗೆ ಕಾಲಿಟ್ಟದ್ದೇ ತಡ, ಅತ್ತಿಗೆ ಅವಳ ಕಪಾಟು ಜಪ್ತಿ ಮಾಡಿ, "ಪರೀಕ್ಷೆ ಮುಗಿಯೋವರೆಗೂ ನಿಮ್ಮನೇಲಿರಲಿ, ಕೇಳಿದ್ರೂ ಕೊಡಬೇಡಿ" ಎಂದು ಚೀಲದ ಸಮೇತ ತಂದಿಟ್ಟು ಹೋದರು. ನಿವೃತ್ತಿಯಾದವಳ ಮನೆಯಲ್ಲಿ ಐದು ಪುಸ್ತಕ ಸುಮ್ಮನೆ ಕೂರುವುದುಂಟೆ? ಮೊದಲನೆಯದರ ಮುಖಪುಟದಲ್ಲಿ ಕೆಂಗೂದಲಿನ ಹುಡುಗಿ, ಸುತ್ತ ಕನ್ನಡಿಗಳು, ಕಾಲ ಕೆಳಗೆಲ್ಲ ಹರಡಿಕೊಂಡ ನೀಲಿ ಗೌನು. ಆ ಬಟ್ಟೆ ಸಿಕ್ಕಿದ್ದರೆ ನಮ್ಮ ಮನೆಯ ಅಷ್ಟೂ ಕಿಟಕಿಗೆ ಪರದೆ ಹೊಲಿಸಿ, ಮಿಕ್ಕಿದ್ದರಲ್ಲಿ ದಿಂಬಿಗೆ ಕವರೂ ಹಾಕಿಸಬಹುದಿತ್ತು. ನಮ್ಮ ಕಾಲದಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ, ಉಷಾ ನವರತ್ನರಾಂ ಬರುತ್ತಿದ್ದರು. ಆ ನಾಯಕರಿಗೆ ಒಂದು ಕಾರು, ಒಂದು ಕಾಫಿ ತೋಟವಿದ್ದರೆ ನಮಗೆ ಸಾಕಾಗುತ್ತಿತ್ತು. ಸಿಂಹಾಸನದವರೆಗೆ ಹೋಗುವ ಧೈರ್ಯ ನಮಗೂ ಇರಲಿಲ್ಲ, ಅವರಿಗೂ ಇರಲಿಲ್ಲ.

ಕಥೆ ನಡೆಯುವುದು ಇಲೆಯಾ ಎಂಬ ದೇಶದಲ್ಲಿ. ಮೂರನೆಯ, ನಾಲ್ಕನೆಯ ಮಹಾಯುದ್ಧಗಳೆಲ್ಲ ಮುಗಿದು, ಇವತ್ತಿನ ಅಮೆರಿಕ ಇದ್ದ ಜಾಗದಲ್ಲಿ ರಾಜ, ರಾಣಿ, ಆಸ್ಥಾನ ತಲೆಯೆತ್ತಿವೆ. ಇಂಗ್ಲೆಂಡಿನ ರಾಜನನ್ನು ಬೇಡವೆಂದು ಬಡಿದಾಡಿ ಹುಟ್ಟಿದ ದೇಶದ ಹುಡುಗಿಯರು ಕನಸಿನಲ್ಲಿ ಮತ್ತೆ ಒಬ್ಬ ರಾಜನನ್ನು ಕೂರಿಸಿಕೊಳ್ಳುವುದು ನನಗಂತೂ ಬಹಳ ತಮಾಷೆಯಾಗಿ ಕಂಡಿತು. ಮ್ಯಾಕ್ಸನ್ ಎಂಬ ಯುವರಾಜನಿಗೆ ಹೆಣ್ಣು ಬೇಕು. ಮೂವತ್ತೈದು ಪ್ರಾಂತಗಳಿಂದ ಒಬ್ಬೊಬ್ಬಳಂತೆ ಮೂವತ್ತೈದು ಹುಡುಗಿಯರನ್ನು ಅರಮನೆಗೆ ಕರೆಸಿಕೊಳ್ಳುತ್ತಾರೆ. ಇಡೀ ದೇಶ ಅದನ್ನು ಟೀವಿಯಲ್ಲಿ ನೋಡುತ್ತದೆ. ಅವರಲ್ಲೊಬ್ಬಳು ಅಮೆರಿಕಾ ಸಿಂಗರ್. ಹಾಡುವವರ ಮನೆಯವಳು, ಅದಕ್ಕೇ ಸಿಂಗರ್. ಇನ್ನೊಬ್ಬನ ಅಡ್ಡಹೆಸರು ವುಡ್‌ವರ್ಕ್. ನಮ್ಮ ಉತ್ತರ ಕರ್ನಾಟಕದಲ್ಲಾಗಿದ್ದರೆ ಬಡಿಗೇರ ಆಗುತ್ತಿದ್ದ. ಊರಲ್ಲಿ ಅವಳಿಗೆ ಆಸ್ಪೆನ್ ಎಂಬ ಬಡ ಹುಡುಗನ ಮೇಲೆ ಪ್ರೀತಿ. ಮರದ ಮೇಲಿನ ಪುಟ್ಟ ಮನೆಯಲ್ಲಿ ಕದ್ದು ಭೇಟಿಯಾದಾಗ ಅವಳು ಹಾಡಿದ್ದಕ್ಕೆ ಅವನು ಒಂದು ಪೆನ್ನಿ ಕೊಡುತ್ತಾನೆ, ಅವಳು ಆ ಪೆನ್ನಿಗಳನ್ನು ಜಾಡಿಯಲ್ಲಿ ಕೂಡಿಡುತ್ತಾಳೆ. ಕೊನೆಗೆ ಅವನೇ, ನಿನ್ನನ್ನು ಸಾಕುವ ಯೋಗ್ಯತೆ ನನಗಿಲ್ಲ ಎಂದು ಕೈಬಿಡುತ್ತಾನೆ. ಮುರಿದ ಮನಸ್ಸು, ಮನೆಯಲ್ಲಿ ಬಡತನ. ಅರಮನೆಯಲ್ಲಿರುವಷ್ಟು ದಿನ ಮನೆಗೆ ಹಣ ಬರುತ್ತದೆ. ಹುಡುಗಿ ಹೊರಡುತ್ತಾಳೆ.

ಅರಮನೆಯ ಮೊದಲ ರಾತ್ರಿ ಉಸಿರು ಕಟ್ಟಿದಂತಾಗಿ ತೋಟಕ್ಕೆ ಓಡುತ್ತಾಳೆ. ಅಲ್ಲಿ ಯುವರಾಜ ಸಿಗುತ್ತಾನೆ, 'ಮೈ ಡಿಯರ್' ಎನ್ನುತ್ತಾನೆ, ಇವಳು ಅವನ ಮೇಲೆ ಹರಿಹಾಯುತ್ತಾಳೆ. ಆಮೇಲೆ ನೇರವಾಗಿ ಹೇಳಿಬಿಡುತ್ತಾಳೆ: ನನ್ನ ಮನಸ್ಸು ಬೇರೆ ಕಡೆ ಇದೆ, ನಮ್ಮ ಮನೆಗೆ ದುಡ್ಡು ಬೇಕು, ಸ್ವಲ್ಪ ದಿನ ಇರಲು ಬಿಟ್ಟರೆ ನಿನ್ನ ಸ್ನೇಹಿತೆಯಾಗಿ ಉಳಿದವರ ವಿಚಾರದಲ್ಲಿ ಸಲಹೆ ಕೊಡುತ್ತೇನೆ. ಅರಮನೆಯ ಊಟ ತನಗೆ ಹಿಡಿಸಿದೆ ಎಂಬುದನ್ನೂ ಅವಳು ಮುಚ್ಚಿಡುವುದಿಲ್ಲ. ಇಬ್ಬರೇ ಮಾತಾಡಬೇಕೆನಿಸಿದಾಗ ಕಿವಿ ಎಳೆದುಕೊಳ್ಳಬೇಕು, ಅದು ಅವರಿಬ್ಬರ ಗುಟ್ಟಿನ ಸನ್ನೆ. ಕಿವಿ ಹಿಡಿದರೆ ಗಣಪತಿಯ ಮುಂದೆ ಬಸ್ಕಿಯನ್ನೋ ಕಿವಿ ಹಿಂಡುತ್ತಿದ್ದ ಗಣಿತದ ಮೇಷ್ಟರನ್ನೋ ನೆನೆಯುವ ನನ್ನಂಥವಳಿಗೆ ಅದರಲ್ಲಿ ಪ್ರಣಯ ಕಾಣಲು ಸ್ವಲ್ಪ ಹೊತ್ತು ಹಿಡಿಯಿತು.

ಅಷ್ಟರಲ್ಲಿ ಅಣ್ಣನ ಮಗಳು ಅವರಮ್ಮನಿಗೆ ಗೊತ್ತಾಗದಂತೆ ಫೋನು ಮಾಡತೊಡಗಿದಳು. "ಅತ್ತೆ, ಎಲ್ಲಿಗೆ ಬಂದ್ರಿ? ನೀವು ಟೀಮ್ ಮ್ಯಾಕ್ಸನ್ನಾ, ಟೀಮ್ ಆಸ್ಪೆನ್ನಾ?" ಈ ಸರಣಿ ಓದಿದವರೆಲ್ಲ ಎರಡರಲ್ಲಿ ಒಂದು ಪಕ್ಷ ಸೇರಲೇಬೇಕು, ತಟಸ್ಥರಿಗೆ ಜಾಗವಿಲ್ಲ. "ನಾನು ಸದ್ಯ ಊಟದ ಪಾರ್ಟಿ ಕಣೇ" ಎಂದೆ. ಆ ಕಡೆಯಿಂದ ನಿಟ್ಟುಸಿರು.

ಹೀಗೆ ಹೆಣ್ಣುಗಳನ್ನು ಸಾಲಾಗಿ ನಿಲ್ಲಿಸಿ ಆರಿಸುವುದು ಕ್ಯಾಸ್ ಅವರ ಕಲ್ಪನೆಯಲ್ಲ, ಚರಿತ್ರೆಯಲ್ಲಿ ಬೇಕಾದಷ್ಟಿದೆ. ಎಸ್ತೇರಳ ಕಥೆಯಲ್ಲೇ ರಾಜನ ಮುಂದೆ ಹೋಗುವ ಮುನ್ನ ಹನ್ನೆರಡು ತಿಂಗಳ ಶೃಂಗಾರ: ಆರು ತಿಂಗಳು ರಕ್ತಬೋಳದ ಎಣ್ಣೆ, ಆರು ತಿಂಗಳು ಸುಗಂಧದ್ರವ್ಯ. ನಮ್ಮ ಬ್ಯೂಟಿ ಪಾರ್ಲರಿನ ಮದುವಣಗಿತ್ತಿ ಪ್ಯಾಕೇಜುಗಳು ಇದರ ಮುಂದೆ ಏನೂ ಅಲ್ಲ. ಚೀನಾದ ಛಿಂಗ್ ವಂಶದವರು 'ಎಂಟು ಧ್ವಜ'ಗಳಿಗೆ ಸೇರಿದ ಮನೆತನಗಳ ಹೆಣ್ಣುಮಕ್ಕಳನ್ನು ಮೂರು ವರ್ಷಕ್ಕೊಮ್ಮೆ ಕರೆಸಿ ನೋಡುತ್ತಿದ್ದರು. ಅಲ್ಲಿ ಹಾಜರಿ ಹಾಕಿ ಬೇಡವೆನಿಸಿಕೊಳ್ಳುವವರೆಗೆ ಹುಡುಗಿಗೆ ಬೇರೆ ಮದುವೆ ಮಾಡುವಂತಿರಲಿಲ್ಲ. 1850ರ ದಶಕದ ಆರಂಭದಲ್ಲಿ ಹಾಗೆ ಒಳಗೆ ಹೋದ ಹುಡುಗಿಯೊಬ್ಬಳು ಮುಂದೆ ಸಿಷಿ ರಾಜಮಾತೆಯಾಗಿ ದಶಕಗಳ ಕಾಲ ಚೀನಾವನ್ನೇ ಆಳಿದಳು. ಆರಿಸಲು ಕೂತ ಚಕ್ರವರ್ತಿಯ ಹೆಸರು ಈಗ ಯಾರಿಗೆ ನೆನಪಿದೆ?

ರಷ್ಯಾದ ಕಥೆ ಮಾತ್ರ ನನ್ನ ನಿದ್ದೆಗೆಡಿಸಿತು. 1647ರಲ್ಲಿ ಜಾರ್ ಅಲೆಕ್ಸಿಗೆ ಹೆಣ್ಣು ಹುಡುಕಿದರು. ನೂರಾರು ಹುಡುಗಿಯರನ್ನು ಜರಡಿ ಹಿಡಿದ ಮೇಲೆ ಅವನು ಎಫಿಮಿಯಾ ಎಂಬವಳನ್ನು ಮೆಚ್ಚಿದ. ರಾಜಪೋಷಾಕು ತೊಡಿಸಿ ಮುಂದೆ ಕರೆತಂದಾಗ ಹುಡುಗಿ ಮೂರ್ಛೆ ಬಿದ್ದಳು. ಅಷ್ಟೇ ಸಾಕಾಯಿತು; ಮೂರ್ಛೆರೋಗ ಮುಚ್ಚಿಟ್ಟಿದ್ದಾರೆ ಎಂದು ತಂದೆಯ ಮೇಲೆ ಆರೋಪ ಹೊರಿಸಿ ಮನೆಮಂದಿಯನ್ನೆಲ್ಲ ಸೈಬೀರಿಯಾಕ್ಕೆ ಅಟ್ಟಿದರು. ಆಗದವರು ಬೇಕೆಂದೇ ಜಡೆಯನ್ನು ಬಿಗಿದು ಹೆಣೆಸಿದ್ದರಿಂದ ಹಾಗಾಯಿತು ಎಂಬ ಮಾತು ಅಂದಿನಿಂದಲೂ ಇದೆ. ಮರುವರ್ಷ ಜಾರ್ ಬೇರೊಬ್ಬಳನ್ನು ಮದುವೆಯಾದ. ಉಪ್ಪಿಟ್ಟು-ಕೇಸರಿಬಾತು ತಿಂದು "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದು ಹೋಗುತ್ತಿದ್ದ ನಮ್ಮ ಗಂಡಿನ ಕಡೆಯವರ ಮೇಲೆ ನನಗೆ ಬಹಳ ವರ್ಷದಿಂದ ಸಿಟ್ಟಿತ್ತು. ಪಾಪ, ಅವರು ಕಾಗದ ಬರೆಯದಿದ್ದರೂ ಯಾರನ್ನೂ ಸೈಬೀರಿಯಾಕ್ಕಂತೂ ಕಳಿಸಲಿಲ್ಲ.

ನಮ್ಮಲ್ಲಿ ಪುರಾಣದ ಲೆಕ್ಕ ಉಲ್ಟಾ: ಸಾಲಾಗಿ ಕೂರುವವರು ಗಂಡಸರು, ಹಾರ ಹಿಡಿದವಳು ಹೆಣ್ಣು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನಿಗೆ ಕರಹಾಟದ ಶಿಲಾಹಾರ ರಾಜಕುಮಾರಿ ಚಂದಲದೇವಿ ಸ್ವಯಂವರದಲ್ಲಿ ಮಾಲೆ ಹಾಕಿದಳು ಎಂದು ಬಿಲ್ಹಣ 'ವಿಕ್ರಮಾಂಕದೇವಚರಿತ'ದಲ್ಲಿ ಬಣ್ಣಿಸುತ್ತಾನೆ. ಬಂದಿದ್ದ ಉಳಿದ ರಾಜರೆಲ್ಲ ಒಬ್ಬೊಬ್ಬರಾಗಿ ಸಪ್ಪಗಾಗುತ್ತಾರೆ. ಬಿಲ್ಹಣ ಕಾಶ್ಮೀರದಿಂದ ಬಂದು ಅದೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಅನ್ನ ಉಂಡ ಕವಿ ಎಂಬುದನ್ನು ಮರೆಯದೆ ಓದಬೇಕು. ವರನ ಖರ್ಚಿನಲ್ಲಿ ತಯಾರಾದ ಮದುವೆ ಆಲ್ಬಮ್ಮಿನಲ್ಲಿ ವರ ಚೆನ್ನಾಗಿಯೇ ಬಂದಿರುತ್ತಾನೆ. ಹಾಗೆಂದು ಹಾರ ಕೈಯಲ್ಲಿದ್ದವರೆಲ್ಲ ಸುಖಪಟ್ಟರೆಂದೂ ಅಲ್ಲ. ಕಾಶಿಯ ಅಂಬೆಯ ಮನಸ್ಸು ಸಾಲ್ವನ ಮೇಲಿತ್ತು, ಸ್ವಯಂವರದಿಂದ ಭೀಷ್ಮ ಎತ್ತಿಕೊಂಡು ಬಂದ, ತಿರುಗಿ ಹೋದರೆ ಸಾಲ್ವನೂ ಒಲ್ಲೆನೆಂದ. ಕ್ಯಾಸ್ ಕಾದಂಬರಿಯಲ್ಲಿ ಕೈಬಿಟ್ಟ ಆಸ್ಪೆನ್ ಸೈನ್ಯ ಸೇರಿ ಅರಮನೆಯ ಕಾವಲುಗಾರನಾಗಿ ಇವಳ ಬಾಗಿಲ ಮುಂದೆಯೇ ಬಂದು ನಿಲ್ಲುತ್ತಾನೆ. ಸಾಲ್ವನೇ ಹಸ್ತಿನಾವತಿಗೆ ಪಹರೆಗೆ ಬಂದಂತಾಯಿತು. ವ್ಯಾಸರಿಗೆ ಇದು ಹೊಳೆದಿದ್ದರೆ ಕುರುಕ್ಷೇತ್ರ ಇನ್ನೆರಡು ಪರ್ವ ಮುಂದಕ್ಕೆ ಹೋಗುತ್ತಿತ್ತು.

ಈ ಪುಸ್ತಕಗಳಲ್ಲಿ ನಾನು ಓದುತ್ತ ಓದುತ್ತ ಕನ್ನಡಕ ತೆಗೆದು ಒರೆಸಿಕೊಂಡ ಜಾಗ ಪ್ರಣಯದ್ದಲ್ಲ. ಇಲೆಯಾದಲ್ಲಿ ಎಂಟು ಜಾತಿಗಳಿವೆ. ಹೆಸರಿಲ್ಲ, ಬರೀ ಸಂಖ್ಯೆ. ಒಂದು ಎಂದರೆ ರಾಜಮನೆತನ, ಎಂಟು ಎಂದರೆ ಬೀದಿಪಾಲಾದವರು. ಹಾಡುವವರು, ಚಿತ್ರ ಬಿಡಿಸುವವರು ಐದು, ಆಳುಕಾಳು ಆರು. ಅಮೆರಿಕಾ ಐದು, ಆಸ್ಪೆನ್ ಆರು, ಅದಕ್ಕೇ ಅವರ ಮದುವೆಗೆ ತೊಡಕು. ಹೆಂಡತಿ ಗಂಡನ ಜಾತಿಗೆ ಸೇರುತ್ತಾಳೆ, ಆದ್ದರಿಂದ ಮಗಳು ಮೇಲಕ್ಕೇ ಹೋಗಬೇಕು ಎಂದು ತಾಯಿಯ ಹಟ. ಅಮೆರಿಕದ ಓದುಗ ಹುಡುಗಿಯರಿಗೆ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಬೇಕು. ನಮಗೆ ಆ ಪುಟಗಳನ್ನು ಹಾರಿಸಿದರೂ ನಷ್ಟವಿಲ್ಲ. ಆದರೆ ಕ್ಯಾಸ್ ಅವರ ಜಾತಿ ಬಹಳ ಸಾಧು ಜಾತಿ. ದುಡ್ಡಿದ್ದರೆ ಮೇಲಿನದನ್ನು ಕೊಂಡುಕೊಳ್ಳಬಹುದು, ಸೈನ್ಯ ಸೇರಿದರೆ ಆರು ಎರಡಾಗಬಹುದು. ಒಬ್ಬರು ಮುಟ್ಟಿದ ನೀರನ್ನು ಇನ್ನೊಬ್ಬರು ಚೆಲ್ಲುವುದಿಲ್ಲ. ಅಮೆರಿಕಾ ತಂದ ತಿಂಡಿಯಿಂದ ಆಸ್ಪೆನ್ ಮನಸ್ಸು ನೊಂದರೆ ಅದು ಗಂಡಸಿನ ಸ್ವಾಭಿಮಾನಕ್ಕೆ, ಮಡಿಗಲ್ಲ. ಚಂದಲದೇವಿ ಮದುವೆಯಾಗಿ ಬಂದ ಅದೇ ಕಲ್ಯಾಣದಲ್ಲಿ, ಮುಂದೆ ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಶರಣರು ಮದುವೆ ಮಾಡಿದರು. ಅದಕ್ಕೆ ಶಿಕ್ಷೆಯಾಗಿ ಬೀಗರಿಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಲಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. ಇಲೆಯಾದಲ್ಲಿ ಜಾತಿ ಹೋಗುವುದು ಅರಮನೆಯ ಅಪ್ಪಣೆಯಿಂದ, ಒಂದೊಂದೇ ಮೆಟ್ಟಿಲಾಗಿ. ಲೇಖಕಿಗೆ ಒಳ್ಳೆಯ ಮನಸ್ಸಿದೆ, ಸಮಾಜಶಾಸ್ತ್ರವಿಲ್ಲ. ಆದರೂ ಒಂದು ಪ್ರೇಮಕಥೆಯ ನಡುವೆ ನಾಯಕಿ ಟೀವಿಯ ನೇರಪ್ರಸಾರದಲ್ಲಿ ಎದ್ದು ನಿಂತು, ರಾಜ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿರುವಾಗ, ಈ ಜಾತಿಗಳನ್ನು ತೆಗೆದುಹಾಕಿ ಎನ್ನುತ್ತಾಳಲ್ಲ, ಆ ಅಧ್ಯಾಯಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ.

ಅಂಕ ಕಳೆದದ್ದು ಅವಳ ಗೊಂದಲಕ್ಕೆ. ಇವನೋ ಅವನೋ, ಅವನೋ ಇವನೋ ಎಂದು ಮೂರು ಪುಸ್ತಕ. ತ್ರಿವೇಣಿಯವರ 'ಬೆಳ್ಳಿಮೋಡ'ದ ಇಂದಿರಾಳನ್ನು ನೋಡಿ. ಆಸ್ತಿ ತಪ್ಪುತ್ತದೆ ಎಂದಾಗ ಕೈಬಿಟ್ಟ ಮೋಹನ ಕಾಲು ಮುರಿದುಕೊಂಡು ಬಿದ್ದಾಗ ಶುಶ್ರೂಷೆ ಮಾಡಿದಳು, ಅವನಿಗೆ ಪ್ರೀತಿ ಉಕ್ಕಿದಾಗ ಬೇಡ ಎಂದಳು. ಒಂದೇ ಪುಸ್ತಕ, ಒಂದೇ ಬೇಡ. ಪುಟ್ಟಣ್ಣ ಕಣಗಾಲರು 1967ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರನ್ನು ಆ ಪಾತ್ರದಲ್ಲಿ ಕಂಡ ನಮ್ಮ ಅಕ್ಕಂದಿರು ಎಷ್ಟೋ ದಿನ ಆ 'ಬೇಡ'ವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ಇದನ್ನು ಸೊಸೆಗೆ ಹೇಳಿದರೆ, "ಅತ್ತೆ, ಬೇಡ ಅಂದ್ಬಿಟ್ರೆ ಸೀರೀಸ್ ಹೇಗೆ ಬರುತ್ತೆ?" ಎಂದಳು. ವ್ಯವಹಾರ ಬಲ್ಲ ಹುಡುಗಿ, ಕಾಮರ್ಸ್ ತೆಗೆದುಕೊಂಡದ್ದು ಸುಮ್ಮನೆ ಅಲ್ಲ.

ನಾಲ್ಕನೆಯ ಪುಸ್ತಕದಲ್ಲಿ ಹಾರ ಕೈ ಬದಲಾಯಿಸುತ್ತದೆ. ಆಗ ಅಮೆರಿಕಾಳೇ ರಾಣಿ. (ಯಾರ ರಾಣಿ ಎಂದು ಹೇಳಲು ನನಗೆ ಅಪ್ಪಣೆಯಿಲ್ಲ, ಊಹಿಸಲು ನಿಮಗೆ ಅಡ್ಡಿಯಿಲ್ಲ.) ಅವಳ ಮಗಳು ಈಡ್ಲಿನ್ ಅವಳಿ ತಮ್ಮನಿಗಿಂತ ಏಳು ನಿಮಿಷ ಮೊದಲು ಹುಟ್ಟಿದ್ದರಿಂದ ಪಟ್ಟದ ಹಕ್ಕು ಅವಳದು, ಹಿರಿಯದು ಹೆಣ್ಣಾದರೂ ಪಟ್ಟ ಸಿಗಲಿ ಎಂದು ತಂದೆತಾಯಿ ಕಾನೂನನ್ನೇ ಬದಲಿಸಿದ್ದಾರೆ. ಈಗ ಅವಳ ಮುಂದೆ ಮೂವತ್ತೈದು ಗಂಡುಹುಡುಗರ ಸಾಲು. ಹುಡುಗಿಗೆ ಇವರಲ್ಲಿ ಯಾರೂ ಬೇಕಿಲ್ಲ, ರಾಜ್ಯಭಾರದ ಕಡತಗಳಲ್ಲೇ ಆಸಕ್ತಿ. ಅಭಿಮಾನಿಗಳಲ್ಲಿ ಬಹಳ ಮಂದಿಗೆ ಈಡ್ಲಿನ್ ಹಿಡಿಸಲಿಲ್ಲ. ಜಂಬದವಳು, ಬಿಗುಮಾನದವಳು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇದೇ ಗುಣಗಳು ಸೂಟು ತೊಟ್ಟು ಬಂದರೆ ಗಂಭೀರ ನಾಯಕ ಎನ್ನುತ್ತೇವೆ. ನನಗಂತೂ ಅಮ್ಮನಿಗಿಂತ ಮಗಳೇ ಮೇಲೆನಿಸಿದಳು. ಬರವಣಿಗೆ ಆ ಎರಡು ಪುಸ್ತಕಗಳಲ್ಲಿ ತೆಳುವಾಗಿದೆ ಎಂಬುದೂ ನಿಜ, ಮೂವತ್ತೈದರಲ್ಲಿ ಇಪ್ಪತ್ತು ಹುಡುಗರ ಮುಖ ಲೇಖಕಿಗೇ ನೆನಪಿದ್ದಂತಿಲ್ಲ.

ನನ್ನನ್ನು ಕೇಳಿದರೆ, ಮ್ಯಾಕ್ಸನ್ ಇರಲಿ, ಆಸ್ಪೆನ್ ಇರಲಿ, ಈ ಪುಸ್ತಕಗಳ ಪುಟ ತಿರುಗಿಸುವಂತೆ ಮಾಡುವವರು ಅವರಲ್ಲ. ಆ್ಯನ್, ಮೇರಿ, ಲೂಸಿ ಎಂಬ ಮೂವರು ಸಖಿಯರು. ಅಳತೆ ತೆಗೆದು ಬಟ್ಟೆ ಹೊಲಿಯುತ್ತಾರೆ, ಹಾಸಿಗೆ ಸರಿ ಮಾಡುತ್ತಾರೆ, ಅತ್ತರೆ ಕಣ್ಣೊರೆಸುತ್ತಾರೆ. ಬೆಳಗಿನ ತಿಂಡಿಗೆ ಹೋದರೆ ತಟ್ಟೆ ಮುಂದೆ ಬಂದಿರುತ್ತದೆ. ನಿನ್ನೆ ಏನಿತ್ತು, ನಾಳೆಗೆ ಏನು ನೆನೆಹಾಕಬೇಕು ಎಂದು ಯಾರೂ ಕೇಳುವುದಿಲ್ಲ. ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಕೂತು ಪಿಟೀಲು ನುಡಿಸಬಹುದು. ಬಂಡುಕೋರರು ಆಗಾಗ ಅರಮನೆಗೆ ನುಗ್ಗುತ್ತಾರೆ, ಅದೊಂದು ತೊಂದರೆ. ಬಾಗಿಲು ತಟ್ಟುವ ಹಾಲಿನವನು, ಕೊರಿಯರಿನವನು, ಗ್ಯಾಸಿನವನು ಇವರಿಗೆ ಹೋಲಿಸಿದರೆ ಅದೂ ಅಪರೂಪವೇ. ಮೂವರು ಸಖಿಯರಿಗೆ ರಜೆ ಯಾವಾಗ ಎಂದು ಕಾದಂಬರಿ ಸರಿಯಾಗಿ ಹೇಳುವುದಿಲ್ಲ. ರಜಾ ಚೀಟಿ ಕೇಳಿದ ಸಿಂಡ್ರೆಲಾಳಿಂದ ಶುರುವಾದ ಕಥೆಯಲ್ಲಿ ಇದು ದೊಡ್ಡ ಲೋಪವೆಂದೇ ನನ್ನ ತೀರ್ಮಾನ.

ಓದುವವರಿಗೆ ನನ್ನ ಶಿಫಾರಸು ಇಷ್ಟೇ. ಮೊದಲ ಮೂರನ್ನು ಒಟ್ಟಿಗೆ ಇಟ್ಟುಕೊಂಡು ಕೂರಿ, ಯಾಕೆಂದರೆ ಒಂದೊಂದೂ ಸರಿಯಾದ ಜಾಗದಲ್ಲೇ ನಿಂತುಬಿಡುತ್ತದೆ. ಉಳಿದೆರಡನ್ನು ಯಾರಿಂದಲಾದರೂ ಎರವಲು ತನ್ನಿ. ಇನ್ನು, ಇಂಥ ಪುಸ್ತಕ ಓದಿದರೆ ಹುಡುಗಿಯ ತಲೆ ಕೆಡುತ್ತದೆ ಎಂದು ಹೆದರುವ ತಾಯ್ತಂದೆಯರಿಗೆ: ಅವಳು ರಾಜಕುಮಾರನಿಗಾಗಿ ಕಾಯುತ್ತಿದ್ದಾಳೆಂದು ದಯವಿಟ್ಟು ಭಾವಿಸಬೇಡಿ. ಅಧ್ಯಾಯ ಮುಗಿಯುವವರೆಗೆ ಕುಕ್ಕರ್ ಆರಿಸಲು ಅವಳನ್ನು ಕೂಗಬೇಡಿ. ಪಕ್ಕದ ಕೋಣೆಯಲ್ಲಿ ಅವಳ ಅಣ್ಣ ಸುಮ್ಮನೆ ಮೊಬೈಲ್ ನೋಡುತ್ತ ಮಲಗಿರುತ್ತಾನೆ, ಅವನನ್ನು ಕೂಗಿ.